ಗುಬ್ಬಿಗೆ ನಮ್ಮ ದನಿ ಕೇಳಿಸಿತು

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಮ್ಮನಿಗೆ,

ಗುಬ್ಬಿ ಕ್ಷೇಮ. ಚಿಕ್ಕಮ್ಮನಿಗೆ ಫೋನಿನಲ್ಲಿ ಹೇಳಿದ್ದು ನಿನಗೂ ಮುಟ್ಟಿರಬೇಕು. ನೀನಂತೂ ಫೋನು ಹಿಡಿಯಲಿಲ್ಲ. ನಿನ್ನ ಹೆಸರಿನ ಕಾಗದವನ್ನಾದರೆ ಫೋನಿನ ಹಾಗೆ ಚಿಕ್ಕಮ್ಮನ ಕೈಗೆ ದಾಟಿಸಲು ಬರುವುದಿಲ್ಲ, ಅದಕ್ಕೇ ನಡೆದದ್ದನ್ನೆಲ್ಲ ಬರೆಯುತ್ತಿದ್ದೇನೆ.

ಗುಬ್ಬಿಯನ್ನು ಹಾಯಿದೋಣಿಯಲ್ಲಿ ಸಮುದ್ರಕ್ಕೆ ಕಳಿಸಿದ್ದಕ್ಕೆ ನೀನು ಅಪ್ಪನಿಗೆ, "ನೀವೇ ಕಳಿಸಿದ್ದು, ನೀವೇ ಕರ್ಕೊಂಡು ಬನ್ನಿ" ಎಂದು ಹೇಳಿ ಚಿಕ್ಕಮ್ಮನ ಮನೆಗೆ ಹೊರಟುಹೋದೆಯಲ್ಲ, ಆಮೇಲೂ ಅವನು ದಿನಾ ಸಂಜೆ ಅಪ್ಪನ ಹ್ಯಾಮ್ ರೇಡಿಯೋದಲ್ಲಿ ಮಾತಿಗೆ ಸಿಗುತ್ತಿದ್ದ. ಹೋದ ವಾರ ಅವನ ಉಪಗ್ರಹ ಫೋನು ಉಪ್ಪುನೀರು ಕುಡಿದು ಸತ್ತಿತು. ಉಳಿದದ್ದು ರೇಡಿಯೋ ಒಂದೇ. ಬುಧವಾರ ಅಪ್ಪ ಆಂಪ್ಲಿಫೈಯರಿನ ಸ್ವಿಚ್ಚು ಒತ್ತಿದ್ದೇ ತಡ, ಒಳಗೆ ‘ಫಟ್’ ಎಂದಿತು, ಫ್ಯೂಸು ಹೋಯಿತು. ನೀನು ಸದಾ ಬೈಯುವ ಆ ದೊಡ್ಡ ಪೆಟ್ಟಿಗೆಯೇ. ಅದರೊಳಗೆ ಉರಿಯುವ ಗಾಜಿನ ವಾಲ್ವೇ ನಮ್ಮ ದನಿಗೆ ಬಲ ಕೊಟ್ಟು ಸಮುದ್ರ ದಾಟಿಸುವುದು. ಅವನ ಕಡೆ ಗುಡುಗಿನ ಗೊರಗೊರ ಜಾಸ್ತಿ. ಪೆಟ್ಟಿಗೆಯಿಲ್ಲದೆ ಅವನ ಮಾತು ನಮಗೆ ಕೇಳಿಸುತ್ತದೆ, ನಮ್ಮದು ಅವನಿಗೆ ಕೇಳಿಸದು.

ಅದೇ ಸಂಜೆ ಅವನ ದಾರಿಗೆ ಅಡ್ಡವಾಗಿ ಚಂಡಮಾರುತ ಬರುತ್ತಿದೆ ಎಂಬ ಸುದ್ದಿ ಬಂತು. ಗುಬ್ಬಿ ಕರೆಯುತ್ತಲೇ ಇದ್ದ. "ಅಪ್ಪಾ, ಕೇಳಿಸ್ತಿದ್ಯಾ? ಅಕ್ಕಾ, ಯಾರಾದ್ರೂ ಇದ್ದೀರಾ?" ದಕ್ಷಿಣಕ್ಕೆ ತಿರುಗು ಎಂದು ಅಪ್ಪ ಗಂಟಲು ಹರಿಯುವಂತೆ ಕೂಗಿದರು. ಅವರ ರೇಡಿಯೋ ಗೆಳೆಯರೂ ತಮ್ಮ ತಮ್ಮ ಮನೆಯಿಂದ ಕರೆದರು. ಯಾರ ದನಿಯೂ ತಲುಪಲಿಲ್ಲ. ಮಗ ಬಾಗಿಲು ಬಡಿಯುತ್ತಿದ್ದಾನೆ, ಚಿಲಕ ತೆಗೆಯಲು ಬರುತ್ತಿಲ್ಲ ಎನ್ನುವ ಹಾಗಿತ್ತು, ಅಮ್ಮ.

ಮಾರನೆಯ ಬೆಳಿಗ್ಗೆ ಪೆಟ್ಟಿಗೆ ಬಿಚ್ಚಲು ಕೂತಾಗ ಸ್ಕ್ರೂಡ್ರೈವರ್ ಹಿಡಿದ ಅಪ್ಪನ ಕೈ ಗಡಗಡ ನಡುಗುತ್ತಿತ್ತು. ಭಯಕ್ಕಲ್ಲ. ಕೆಲವು ತಿಂಗಳಿಂದ ಹಾಗೇ ಅಂತೆ. ನಿನಗೆ ತಿಳಿಯಬಾರದೆಂದು ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುತ್ತಿದ್ದರಂತೆ. (ನಿನ್ನೆ ಡಾಕ್ಟರಿಗೆ ತೋರಿಸಿದೆ. ಹೆದರುವಂಥದ್ದೇನಲ್ಲ, ಮಾತ್ರೆಗೆ ತಗ್ಗುತ್ತದೆ ಎಂದರು.) ಅಪ್ಪ ಸ್ಕ್ರೂಡ್ರೈವರನ್ನು ನನಗೆ ಕೊಟ್ಟು, "ಕೈ ನಿಂದು, ಬಾಯಿ ನಂದು" ಎಂದರು.

ಪ್ಲಗ್ಗು ಕಿತ್ತ ಮೇಲೂ ಅದರೊಳಗೆ ಪ್ರಾಣ ತೆಗೆಯುವಷ್ಟು ಕರೆಂಟು ಉಳಿದಿರುತ್ತದೆ. ಉದ್ದ ಕೋಲಿನ ತುದಿಯ ತಂತಿಯಿಂದ ಅದನ್ನು ನೆಲಕ್ಕಿಳಿಸುವವರೆಗೂ ಅಪ್ಪ ನನ್ನ ಎಡಗೈಯನ್ನು ಬೆನ್ನ ಹಿಂದೆಯೇ ಇರಿಸಿದರು. ಸದ್ಯ, ನೀನು ಇರಲಿಲ್ಲ!

ವಾಲ್ವೇ ಹೋಗಿದೆ ಎಂಬುದು ಅಪ್ಪನ ಭಯ. ಬದಲಿ ವಾಲ್ವು ಇಲ್ಲ. ಇದ್ದ ವಾಲ್ವನ್ನು ಹೊರತೆಗೆದು, ಹೊಸ ಫ್ಯೂಸು, ಮುಚ್ಚಳ ಹಾಕಿ ಸ್ವಿಚ್ಚು ಒತ್ತಿದೆವು. ಮತ್ತೆ ‘ಫಟ್’! ಅಪ್ಪ ನಕ್ಕುಬಿಟ್ಟರು. ವಾಲ್ವು ಇಲ್ಲದೆಯೂ ಫ್ಯೂಸು ಹೋಯಿತೆಂದರೆ ಅದರದ್ದು ತಪ್ಪಿಲ್ಲವಲ್ಲ. ಮತ್ತೆ ಕರೆಂಟೆಲ್ಲ ನೆಲಕ್ಕಿಳಿಸಿ, ವಾಲ್ವಿನ ಕಡೆಗೆ ಭಾರಿ ಕರೆಂಟು ಒಯ್ಯುವ ತಂತಿಯನ್ನು ಬಿಡಿಸಿ, ಫ್ಯೂಸು ಬದಲಿಸಿ ನೋಡಿದೆವು. ಗಪ್‌ಚುಪ್, ‘ಫಟ್’ ಇಲ್ಲ. ಅಂದರೆ ಕಳ್ಳ ಆ ತಂತಿಯಿಂದ ಮುಂದೆ ಎಲ್ಲೋ ಇದ್ದಾನೆ. ಆದರೆ ಮೀಟರು ಹಿಡಿದು ನೋಡಿದರೆ ಪ್ರತಿಯೊಂದು ಭಾಗವೂ ಸರಿ ಎನ್ನುತ್ತಿತ್ತು. ಅಪ್ಪ ಕನ್ನಡಕ ತೆಗೆದಿಟ್ಟರು.

ನನಗೆ ಹೊಳೆದದ್ದನ್ನು ಕೇಳಿದೆ. "ಮೀಟರು ಕೊಡೋದು ಚಿಟಿಕೆ ಕರೆಂಟು ತಾನೆ ಅಪ್ಪಾ? ಪೂರ್ತಿ ಭಾರ ಬಿದ್ದಾಗ ಮಾತ್ರ ಸೋಲೋದು ಯಾವ್ದಾದ್ರೂ ಇದ್ಯಾ?"

ಅಪ್ಪ ಮೆಲ್ಲಗೆ ಬೆರಳು ತೋರಿಸಿದರು. ಬಾಗಿಲ ಹಿಡಿಯಂಥ ದುಂಡನೆಯ ಪಿಂಗಾಣಿ ಕೆಪಾಸಿಟರ್. ದನಿಯನ್ನು ಆಂಟೆನಾ ಕಡೆಗೆ ಬಿಟ್ಟು, ಆ ಭಾರಿ ಕರೆಂಟನ್ನು ಮಾತ್ರ ತಡೆಯುವುದು ಅದರ ಕೆಲಸ. ನಮ್ಮ ಕನ್ನಡಕದ ಅಂಗಡಿಯಿಂದ ಭೂತಗನ್ನಡಿ ತಂದು ನೋಡಿದೆ. ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು, ಅದರುದ್ದಕ್ಕೂ ಮಸಿ! ಅದನ್ನು ಬಿಡಿಸಿ, ತಂತಿ ಮತ್ತೆ ಜೋಡಿಸಿ ಸ್ವಿಚ್ಚು ಒತ್ತಿದರೆ ಫ್ಯೂಸು ಹೋಗಲಿಲ್ಲ. ಅಪ್ಪ ಕೂಡಿಟ್ಟ ‘ಗುಜರಿ’ಯಲ್ಲೇ ಅಂಥದ್ದೊಂದು ಸಿಕ್ಕಿತು. ಇನ್ನುಮೇಲೆ ಆ ಡಬ್ಬಿಗಳನ್ನು ಎಸೆಯಬೇಡ.

ಬೆಸುಗೆ ಹಾಕಿ ವಾಲ್ವು ಕೂರಿಸುವಷ್ಟರಲ್ಲಿ ಸಂಜೆ. ಸ್ವಿಚ್ಚು ಒತ್ತಿದೆವು, ವಾಲ್ವು ಬೆಳಗಿತು. ಈ ಸಲ ‘ಫಟ್’ ಎಂಬ ಸದ್ದಿಲ್ಲ. ಅಪ್ಪ ಮೈಕು ಹಿಡಿದು ಕೂಗಿದರು, "ಗುಬ್ಬೀ, ಮುಂದೆ ಬಿರುಗಾಳಿ ಇದೆ, ದಕ್ಷಿಣಕ್ಕೆ ತಿರುಗೋ!"

ಸ್ವಲ್ಪ ಹೊತ್ತು ಬರೀ ಗೊರಗೊರ. ಆಮೇಲೆ ಅವನ ದನಿ ಬಂತು. "ಅಪ್ಪಾ, ಚೆನ್ನಾಗಿ ಕೇಳಿಸ್ತಿದೆ! ಕೂಗ್ಬೇಡಿ, ಕಿವಿ ಹೋಗತ್ತೆ!"

ನಾನು ಅತ್ತೆ. ಅಪ್ಪ ಕನ್ನಡಕ ಒರೆಸಿದರು, ಒರೆಸುತ್ತಲೇ ಇದ್ದರು. ಅವನು ಕೂಡಲೇ ದೋಣಿ ತಿರುಗಿಸಿದ. ಶುಕ್ರವಾರ ಬಿರುಗಾಳಿ ಅವನ ಬೆನ್ನ ಹಿಂದೆ ಹಾದುಹೋಯಿತು. ಈಗ ಹಾಯಿಹಗ್ಗದ ಮೇಲೆ ಬಟ್ಟೆ ಒಣಗಿಸಿಕೊಂಡು ಆರಾಮಾಗಿ ರೇವಿನ ಕಡೆ ಹೊರಟಿದ್ದಾನೆ. ನಿನ್ನೆಯಿಂದ ಅಪ್ಪನಿಗೂ ಊಟ ಸೇರುತ್ತಿದೆ.

ನಿನ್ನ
ದೊಡ್ಡವಳು

ತಾ.ಕ.: ನಾನು ಇದನ್ನು ಬರೆದದ್ದು ಅಪ್ಪನಿಗೆ ಗೊತ್ತಿಲ್ಲ. ಆ ಸಂಜೆ ಗುಬ್ಬಿ ಕೇಳಿದ ಮೊದಲ ಪ್ರಶ್ನೆ "ಅಮ್ಮ ಎಲ್ಲಿ?" ಎಂದು. ಉಪಗ್ರಹ ಫೋನು ಸತ್ತ ಮೇಲೆ ನಿನ್ನ ದನಿ ಅವನಿಗೆ ಕೇಳಿಸಿಲ್ಲ, ನೀನು ಹೊರಟುಹೋದದ್ದೂ ಇನ್ನೂ ತಿಳಿಯದು. "ಅಡುಗೆಮನೇಲಿದ್ದಾಳೆ ಕಣೋ, ನಾಳೆ ಮಾತಾಡ್ತಾಳೆ" ಎಂದರು ಅಪ್ಪ. ಅಂದಿನಿಂದ ದಿನಾ ಅದನ್ನೇ ಹೇಳುತ್ತಿದ್ದಾರೆ. ಅವನಿಗೂ ಅನುಮಾನ ಬರುತ್ತಿದೆ. ಎಷ್ಟು ದಿನ ಅಂತ ಅಡುಗೆಮನೆಯಲ್ಲೇ ಇರುತ್ತೀಯ, ಅಮ್ಮ?