ಆರು ಮಾರ್ಕ್ಸಿನ ದೊಣ್ಣೆಯವನು

ಆಗಸ್ಟ್ 24, ಭಾನುವಾರ

ಮತ್ತೆ ಕರೆಂಟ್ ಇಲ್ಲ. ಎರಡು ಮಗ್ಗವೂ ನಿಂತಿವೆ. ಬೀದಿಗೆ ಬೀದಿಯೇ ಕಿವುಡಾದಂಗಿದೆ. ಸುಮ್ಮನೆ ಕೂರೋದ್ಯಾಕೆ ಅಂತ ತಂಗಿ ಅಕ್ಕಯಮ್ಮನ ಮನೆಗೆ ಹೋಗಿ ಬಂದೆ. ಹೋಗಬಾರದಿತ್ತೇನೋ.

ಅವಳ ಮಗಳು ಸಿಂಚನಾಳ ಕೂಸಿಗೆ ಕಿವಿ ಚುಚ್ಚಿಸೋ ಮಾತು. ನವೆಂಬರ್ 16, ಘಾಟಿ ಸುಬ್ಬಪ್ಪನ ಗುಡಿಯಲ್ಲಿ. ಸಿಂಚನಾಗೆ ಅಣ್ಣ ತಮ್ಮ ಯಾರೂ ಇಲ್ಲ. ಹಾಗಾಗಿ ಸೋದರಮಾವನ ತೊಡೆ ನಂದೇ, ಓಲೆಯೂ ನಂದೇ. ಸಿಂಚನಾಗೂ ನನ್ನ ತೊಡೆ ಮೇಲೇ ಚುಚ್ಚಿಸಿದ್ದು. ಪಂಚೆ ಒದ್ದೆ ಮಾಡಿದ್ದಳು. ಬೀಗರ ಮುಂದೆ ಅದನ್ನೂ ಹೇಳಿದೆ. "ಮಾವ, ಸಾಕು ಸುಮ್ನಿರಿ" ಅಂದಳು.

ಬೀಗರು ಮೆತ್ತಗೆ ಶುರು ಮಾಡಿದರು. "ಚಿನ್ನದ ರೇಟು ಹಿಂಗಿದೆ ಪಿಳ್ಳಪ್ಪನೋರೇ. ನಿಮಗ್ಯಾಕೆ ತೊಂದರೆ? ಓಲೆ ನಾವೇ ಮಾಡಿಸ್ತೀವಿ."

ತಡೀಲಿಲ್ಲ ನನಗೆ. "ನಾನು ಬದುಕಿರೋವಾಗ? ಬರೀ ಓಲೆ ಅಲ್ಲ ಸ್ವಾಮಿ, ಜುಮುಕಿ ಸಮೇತ. ಆರು ಗ್ರಾಂ!"

ಬೀರುವಿನಲ್ಲಿರೋದು ನಾಲ್ಕು ಗ್ರಾಮಿಗಾಗೋ ದುಡ್ಡು. ನನಗೆ ಗೊತ್ತು. ನನ್ನ ಬಾಯಿಗೆ ಗೊತ್ತಿಲ್ಲ.

ಆಗಸ್ಟ್ 31

ಮೇಲಿನ ರೂಮಿನ ಬಾಡಿಗೆ ಹುಡುಗ ಅಂಜನ್. ಬೆಂಗಳೂರಲ್ಲಿ ಕೆಲಸ, ದಿನಾ ರೈಲು. ಅವನಿಗೊಂದು ಹುಚ್ಚು — ಅಮೆರಿಕದಿಂದ ಹಳೇ ಬೇಸ್‌ಬಾಲ್ ಕಾರ್ಡು ತರಿಸೋದು. ಇಸ್ಪೀಟು ಎಲೆಗಿಂತ ಒಂಚೂರು ದಪ್ಪ, ಮೇಲೆ ಆಟಗಾರನ ಚಿತ್ರ. ಎಪ್ಪತ್ತು ವರ್ಷದ ಹಿಂದೆ ಬಬಲ್‌ಗಮ್ ಜೊತೆ ಮಕ್ಕಳಿಗೆ ಕೊಡ್ತಿದ್ದರಂತೆ. ಈಗ ಅದನ್ನ ಒಂದು ಕಂಪನಿಯವರು ಭೂತಗನ್ನಡಿ ಹಿಡಿದು ನೋಡಿ, ಹತ್ತಕ್ಕೆ ಇಷ್ಟು ಅಂತ ಮಾರ್ಕ್ಸ್ ಕೊಟ್ಟು, ಚೀಟಿ ಸಮೇತ ಗಟ್ಟಿ ಪ್ಲಾಸ್ಟಿಕ್ಕಿನೊಳಗೆ ಸೀಲ್ ಮಾಡ್ತಾರೆ.

ಒಂದು ತೋರಿಸಿದ. ಟೊಣಪ ಮನುಷ್ಯ, ಹೆಗಲ ಮೇಲೆ ದೊಣ್ಣೆ. ಮಾರ್ಕ್ಸ್ ಆರು. ಏಳನೇ ಕ್ಲಾಸಲ್ಲಿ ನಾನು ತೆಗೆದದ್ದಕ್ಕಿಂತ ಜಾಸ್ತಿ.

"ಆರು ತಿಂಗಳಲ್ಲಿ ಡಬಲ್ ಆಗಿದೆ ಅಂಕಲ್."

"ನನಗೆ ಕೊಡು."

"ನಿಮಗಾ?" ಅಂತ ನಕ್ಕ. ಆ ನಗು ನೋಡಿದ ಮೇಲೆ ಬಿಡೋದುಂಟಾ? ನಾಲ್ಕು ಗ್ರಾಮಿನ ದುಡ್ಡು ಎಣಿಸಿ ಕೊಟ್ಟೆ. ನವೆಂಬರ್ ಹೊತ್ತಿಗೆ ಆರಾಗುತ್ತೆ, ಜುಮುಕಿ ಆಗುತ್ತೆ.

"ಸೀಲ್ ಮಾತ್ರ ಒಡೀಬೇಡಿ ಅಂಕಲ್. ಬೆಲೆ ಇರೋದೇ ಅದ್ರಲ್ಲಿ."

"ಲೇ, ಹುಟ್ಟಿದಾಗಿಂದ ಮಾಲು ನೋಡ್ತಿರೋನು ಕಣೋ ನಾನು. ನನಗೆ ಪಾಠ ಬೇಡ."

ಆದರೂ... ಮುಟ್ಟಿ ನೋಡದೆ ಮಾಲು ತಗೊಂಡಿದ್ದು ಇದೇ ಮೊದಲು. ಅಪ್ಪ ನನಗೂ ಅಕ್ಕಯಮ್ಮನಿಗೂ ಕಲಿಸಿದ್ದು ಒಂದೇ ವಿದ್ಯೆ — ಮೊದಲು ಬೆರಳು ಒರೆಸ್ಕೊ, ಆಮೇಲೆ ಕಣ್ಣು ಮುಚ್ಚಿ ಮಾಲು ಹಿಡಿ. ರೇಷ್ಮೆಯೋ ಪಾಲಿಯೆಸ್ಟರೋ, ಜರಿ ಅಸಲೋ ನಕಲಿಯೋ, ಬೆರಳೇ ಹೇಳುತ್ತೆ. ಅವಳು ನನಗಿಂತ ಚುರುಕು. ಅವಳು ಸೆರಗಿಗೆ ಬೆರಳು ಒರೆಸ್ಕೊಂಡರೆ ವ್ಯಾಪಾರಿಗಳು ಬೆವರ್ತಿದ್ದರು.

ಸೆಪ್ಟೆಂಬರ್ 14

ದೊಣ್ಣೆಯವನು ಐದೂವರೆ ಗ್ರಾಮಿಗೆ ಬಂದ! ಅಂಜನ್ ಮೊಬೈಲಲ್ಲಿ ತೋರಿಸಿದ. ಅದೇ ಕಾರ್ಡು, ಅದೇ ಆರು ಮಾರ್ಕ್ಸು, ಮೊನ್ನೆ ಯಾರೋ ಅಷ್ಟಕ್ಕೆ ತಗೊಂಡಿದ್ದಾರೆ.

ಟೀ ಅಂಗಡಿಯಲ್ಲಿ ಎಂಟು ಗ್ರಾಂ ಅಂತ ಹೇಳಿದೆ. ಪಕ್ಕದ ಮನೆ ನರಸಮ್ಮ ಕಾರ್ಡು ನೋಡಿ "ಯಾರು ಪಿಳ್ಳಣ್ಣ ಈ ಮಹಾನುಭಾವ?" ಅಂದಳು. ಅಮೆರಿಕದ ಗರಡಿ ಉಸ್ತಾದ್, ಒಂದೇ ಏಟಿಗೆ ಚೆಂಡು ಮಾಕಳಿದುರ್ಗದ ಬೆಟ್ಟ ದಾಟಿಸ್ತಿದ್ದ ಅಂದೆ. ಪಾಪ, ಕೈ ಮುಗಿದಳು. ನಗು ತಡ್ಕೊಳ್ಳೋಕೆ ಹಿತ್ತಲಿಗೆ ಓಡಿದೆ.

ಅಂಜನ್ — "ಮಾರಿಬಿಡಿ ಅಂಕಲ್, ಒಳ್ಳೇ ಟೈಮು."

"ಎಂಟಕ್ಕೆ ಹೋಗಲಿ. ಬಳೆಯೂ ಆಗುತ್ತೆ."

ಅಕ್ಕಯಮ್ಮನಿಗೆ ಫೋನ್ ಮಾಡಿ ಬಳೆ ವಿಷಯವನ್ನೂ ಹೇಳಿಬಿಟ್ಟೆ.

ಅಕ್ಟೋಬರ್ 12

ಬರೆಯೋ ಮನಸ್ಸಿರಲಿಲ್ಲ ಇಷ್ಟು ದಿನ.

ಚಿನ್ನ ಏರ್ತಾನೇ ಇದೆ. ದೊಣ್ಣೆಯವನು ಇಳೀತಾನೇ ಇದ್ದಾನೆ. ಇವತ್ತಿನ ಲೆಕ್ಕಕ್ಕೆ ಎರಡೂವರೆ ಗ್ರಾಂ. ಒಬ್ಬ ಬಿದ್ದರೆ ಎದ್ದು ನಿಲ್ಲಬಹುದು. ನೆಲವೂ ಮೇಲಕ್ಕೆ ಹೋಗ್ತಿದ್ದರೆ ಏನು ಮಾಡೋದು?

ಯಾಕೋ ಇಳೀತಿರೋದು ಅಂದರೆ ಅಂಜನ್ ಹೇಳ್ತಾನೆ — ಅವನ ವಾಟ್ಸಾಪ್ ಗುಂಪಲ್ಲಿ ಗಲಾಟೆ. ನಕಲಿ ಕಾರ್ಡಿಗೆ ನಕಲಿ ಸೀಲ್ ಹಾಕಿ ಮಾರ್ತಿದ್ದಾರಂತೆ. ಎಲ್ಲರೂ ಹೆದರಿ ಕೈ ಕಟ್ಟಿ ಕೂತಿದ್ದಾರೆ.

"ನಂದು?"

"ನಿಮ್ಮದು ಸರಿ ಇದೆ ಅಂಕಲ್. ಚೀಟಿ ಮೇಲಿನ ನಂಬರ್ ನಾನೇ ಚೆಕ್ ಮಾಡಿದೀನಿ. ಗಾಬರಿ ಬೇಡ."

ನಂಬರ್ ಅಂತೆ. ರೇಷ್ಮೆ ಅಂತ ಚೀಟಿ ಹಚ್ಚಿ ಪಾಲಿಯೆಸ್ಟರ್ ಮಾರಿದೋರನ್ನ ಎಷ್ಟು ಜನ ಕಂಡಿಲ್ಲ ನಾನು.

ಅಕ್ಟೋಬರ್ 19

ನಿದ್ದೆ ಸರಿಯಿಲ್ಲ. ಬೆಳಕಿಗೆ ಹಿಡಿದು ನೋಡಿದೆ, ಮೂಸಿ ನೋಡಿದೆ. ಪ್ಲಾಸ್ಟಿಕ್ ವಾಸನೆ ಅಷ್ಟೇ. ಒಳಗಿರೋನು ಹಲ್ಲು ಬಿಟ್ಟು ನಗ್ತಾನೆ. ಅಸಲೋ ನಕಲಿಯೋ ಬಾಯಿ ಬಿಡಲ್ಲ.

ಒಂದು ಸಲ ಮುಟ್ಟಿದರೆ ಸಾಕು. ಒಂದೇ ಸಲ.

ಅಕ್ಟೋಬರ್ 21

ಹಬ್ಬಕ್ಕೆ ಅಂಜನ್ ಊರಿಗೆ ಹೋಗಿದ್ದಾನೆ. ಮಗ್ಗಕ್ಕೂ ರಜೆ.

ಕಬ್ಬಿಣ ಕೊಯ್ಯೋ ಆಕ್ಸಾ ಬ್ಲೇಡ್ ತಗೊಂಡು ಪ್ಲಾಸ್ಟಿಕ್ಕಿನ ಅಂಚು ಕೊಯ್ದೆ. ಎಷ್ಟು ನಾಜೂಕು ಅಂದರೆ ಕಾರ್ಡಿಗೆ ಗೀರಿಲ್ಲ, ಚೀಟಿಗೂ ಗೀರಿಲ್ಲ. ಬೇರೆ ಯಾರ ಕೈಲಾಗ್ತಿತ್ತು ಇದು?

ಬೆರಳು ಒರೆಸಿಕೊಂಡೆ. ಕಣ್ಣು ಮುಚ್ಚಿದೆ. ಹಿಡಿದೆ.

ಅಸಲು! ನೂರಕ್ಕೆ ನೂರು ಅಸಲು. ಮಗ್ಗಕ್ಕೆ ಡಿಸೈನ್ ಹೇಳೋ ಜಕಾರ್ಡಿನ ಹಳೇ ರಟ್ಟು, ಅಟ್ಟೆ ಇರುತ್ತಲ್ಲ, ಅಪ್ಪನ ಕಾಲದ್ದು, ಅದೇ ಒಣಗಿದ ಮೆದು. ಹೊಸ ಅಟ್ಟೆಗೆ ಜನ್ಮದಲ್ಲಿ ಬರಲ್ಲ ಅದು. ಕುಣಿಯೋಹಂಗಾಯ್ತು. ಚೀಟಿ ಜೊತೆ ಮತ್ತೆ ಒಳಗಿಟ್ಟು ಗಮ್ ಹಾಕಿ ಅಂಟಿಸಿದೆ. ಸೀರೆ ಮಡಿಕೆ ಬಿಚ್ಚಿ ನೋಡಿ ಮತ್ತೆ ಮಡಿಸಿಟ್ಟಂಗೆ. ಬಿಚ್ಚಿ ತೋರಿಸಿದ ಸೀರೆಗೆ ನಂಬಿಕೆ ಜಾಸ್ತಿ ಅಲ್ಲವಾ.

ಇವತ್ತು ಎರಡು ಒಬ್ಬಟ್ಟು ಹೆಚ್ಚಿಗೆ ತಿಂದೆ.

ಅಕ್ಟೋಬರ್ 26

ಅಂಜನ್ ಬಂದ. ಬಾಗಿಲಲ್ಲೇ ಹಿಡಿದು ಹೇಳಿದೆ — "ಹೆದರಬೇಡ ಕಣೋ, ಅಸಲೇ. ನಾನೇ ಮುಟ್ಟಿ ನೋಡಿದೀನಿ."

ಬ್ಯಾಗು ಕೆಳಗಿಟ್ಟ. ಕಾರ್ಡು ಕೈಗೆ ತಗೊಂಡು ಅಂಚು ನೋಡಿದ. ಗಮ್ ಮೇಲೆ ಉಗುರು ಆಡಿಸಿದ.

"ಏನಂಕಲ್ ಇದು..."

"ಯಾಕೋ? ಕಾರ್ಡು ಅದೇ, ಚೀಟಿ ಅದೇ, ಮಾರ್ಕ್ಸು ಅದೇ."

"ಒಡೆದ ಸೀಲಿಗೆ ಮಾರ್ಕ್ಸ್ ಇಲ್ಲ ಅಂಕಲ್. ಈಗಂತೂ ಎಲ್ಲರೂ ಹೆದರಿದ್ದಾರೆ. ಇದನ್ನ ನೋಡಿದ್ರೆ ನಕಲಿ ಹಾಕಿ ಅಂಟಿಸಿದ್ದು ಅಂತಾರೆ. ಯಾರೂ ಮುಟ್ಟಲ್ಲ."

"ನಾನು ಹೇಳ್ತೀನಲ್ಲೋ ಅಸಲು ಅಂತ!"

"ನೀವು ಹೇಳಿದ್ರೆ ಅಮೆರಿಕದೋರು ಕೇಳ್ತಾರಾ?"

ಮತ್ತೆ ಕಳಿಸಿ ಮಾರ್ಕ್ಸ್ ಹಾಕಿಸಬೇಕಂತೆ. ನಾಲ್ಕು ತಿಂಗಳು, ಅದಕ್ಕೆ ಬೇರೆ ಖರ್ಚು. ಬಯ್ಯಲಿಲ್ಲ ಹುಡುಗ. ಬೈದಿದ್ದರೆ ಚೆನ್ನಾಗಿರ್ತಿತ್ತು.

ನವೆಂಬರ್ 9

ಆ ಗಲಾಟೆ ತಣ್ಣಗಾಯ್ತಂತೆ. ಸೀಲ್ ಇರೋ ದೊಣ್ಣೆಯವನು ಮತ್ತೆ ಏರಿದ್ದಾನೆ. ಆರು ಗ್ರಾಂ. ಆರೇ.

ಕೈಸಾಲ ಕೇಳೋಣ ಅಂತ ಟೀ ಅಂಗಡಿಗೆ ಹೋದೆ. "ಎಂಟು ಗ್ರಾಮಿನ ಸಾಹುಕಾರ ಬಂದ, ಜಾಗ ಬಿಡ್ರಪ್ಪಾ" ಅಂದರು. ಟೀ ಕುಡಿದು, ಎಲ್ಲರ ಟೀಗೂ ನಾನೇ ಕೊಟ್ಟು ಬಂದೆ.

ಆಮೇಲೆ ಅಕ್ಕಯಮ್ಮನಿಗೆ ಎಲ್ಲ ಹೇಳಿಬಿಡಬೇಕು ಅಂತಲೇ ಹೋದೆ. ಸಿಂಚನಾಳ ಕೂಸು ಕೀರ್ತನ ನನ್ನ ಮೀಸೆ ಹಿಡ್ಕೊಂಡಳು. ಅಕ್ಕಯಮ್ಮ ಅಂದಳು — "ನಿನ್ನ ಜುಮುಕಿ ನೋಡೋಕೆ ಅಂತ್ಲೇ ಬೀಗರೂರಿಂದ ಒಂದು ಟೆಂಪೋ ಜನ ಬರ್ತಾರೆ ಅಣ್ಣ. ನನ್ನ ಅಣ್ಣ ಮಾತು ಕೊಟ್ರೆ ಮುಗೀತು ಅಂತ ಹೇಳಿದೀನಿ."

ಬಾಯಿ ತೆರೆದೆ. ಬಂದ ಮಾತು — "ಬಳೆಗೆ ಕೈ ಅಳತೆ ಕೊಡು."

ಈ ಬಾಯಿಗೆ ಯಾವ ಕಂಪನಿ ಸೀಲ್ ಹಾಕುತ್ತೆ?

ನವೆಂಬರ್ 13

ಬಸ್ ಸ್ಟ್ಯಾಂಡ್ ಹತ್ತಿರದ ಫ್ಯಾನ್ಸಿ ಸ್ಟೋರಲ್ಲಿ ರೋಲ್ಡ್‌ಗೋಲ್ಡ್ ಓಲೆ-ಜುಮುಕಿ ತಗೊಂಡೆ. ಬೇರೆ ದಾರಿ ಕಾಣಲಿಲ್ಲ. ಬಳೆ ಇನ್ನೂ ಆಗಿಲ್ಲ ಅಂದರಾಯ್ತು. ಥಳಥಳ ಅಂತವೆ. ಅಸಲಿಗಿಂತ ಜಾಸ್ತಿ.

ಅಂಗಡಿಯವಳು ಕೇಳಿದಳು — "ಮಗೂಗೆ ಅಲ್ಲ ತಾನೇ? ಹೊಸದಾಗಿ ಚುಚ್ಚಿಸಿದ ಕಿವಿಗೆ ಹಾಕಬೇಡಿ. ಕೀವಾಗುತ್ತೆ."

"ನಾಟಕಕ್ಕೆ" ಅಂದೆ.

ಟೆಂಪೋ ಜನ ವಾಪಸ್ ಹೋಗೋವರೆಗೆ ಅಷ್ಟೇ. ಆಮೇಲೆ ಬದಲಾಯಿಸಿಬಿಡ್ತೀನಿ. ಯಾವ ದುಡ್ಡಿಂದ ಅಂತ ಕೇಳಬೇಡ ಪಿಳ್ಳಪ್ಪ.

ನವೆಂಬರ್ 16, ಬೆಳಿಗ್ಗೆ

ಸ್ನಾನ ಆಯ್ತು. ಹೊಸ ಪಂಚೆ. ಅಕ್ಕಸಾಲಿ ನೇರ ಘಾಟಿಗೇ ಬರ್ತಾನೆ. ವ್ಯಾನು ನಮ್ಮ ಬಾಗಿಲಿಗೇ ಬರುತ್ತೆ, ನನ್ನ ಹತ್ತಿಸಿಕೊಂಡು ಹೊರಡೋದು.

ಜೇಬಿನಲ್ಲಿ ಕೆಂಪು ಡಬ್ಬಿ. ಮೇಜಿನ ಮೇಲೆ ದೊಣ್ಣೆಯವನು, ಅಂಟಿಸಿದ ಪ್ಲಾಸ್ಟಿಕ್ ಕಿತ್ತು ಈಗ ಬರೀ ಮೈಯಲ್ಲಿ. ಆಗಲೇ ಒಂದ್ಸಲ ಮುಟ್ಟಿದೆ. ಈಗಲೂ ಅಸಲೇ. ಯಾರಿಗೆ ಹೇಳಲಿ.

ಅಕ್ಕಯಮ್ಮ ಮುಟ್ಟಿ ನೋಡದಿದ್ದರೆ ಮಗು ಕಿವಿ ಹೋಯ್ತು. ನೋಡಿದರೆ ನಾನು ಹೋದೆ. ಯಾವುದನ್ನ ಬೇಡ್ಕೊಳ್ಳಲಿ ಸುಬ್ಬಪ್ಪನ ಹತ್ತಿರ?

ಹಾರ್ನ್. ಬಂದರು.

"ಅಣ್ಣಾ, ಎಲ್ಲಿ ತೋರಿಸು ಜುಮುಕಿ, ನಾನು ಮೊದಲು ನೋಡ್ತೀನಿ" — ಕೂಗ್ತಾನೇ ಅಂಗಳಕ್ಕೆ ಬಂದಳು. ಕಿಟಕಿಯಲ್ಲಿ ಕಾಣ್ತಿದ್ದಾಳೆ. ನಗ್ತಿದ್ದಾಳೆ. ಮೆಟ್ಟಿಲ ಹತ್ತಿರ ನಿಂತು ಸೆರಗು ಎಳ್ಕೊಂಡಳು. ಬೆರಳು ಒರೆಸ್ಕೊತಾ ಇದಾ—