ವಾಲಗ ನಿಲ್ಲಿಸುವ ಕೈ

ಮೂರ್ನಾಡು
7 ಏಪ್ರಿಲ್ 2024, ಭಾನುವಾರ

ದೇಚುವಿನ ಅಪ್ಪನಿಗೆ,

ಕಾಳಮ್ಮ ಬರೆಯುತ್ತಿದ್ದೇನೆ. ಗಾಬರಿಯಾಗಬೇಡಿ, ಮನೆಯಲ್ಲಿ ಎಲ್ಲರೂ ಇದ್ದ ಹಾಗೆಯೇ ಇದ್ದೇವೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾನು ಎರಡು ಮಾತಾಡುವಷ್ಟರಲ್ಲಿ ನಿಮಗೆ ನುಡಿಸಲು ಬನ್ನಿ ಎಂದು ರೆಸಾರ್ಟಿನಿಂದ ಇನ್ನೊಂದು ಕರೆ ಬಂದುಬಿಡುತ್ತದೆ. ನೀವು ಕುಶಾಲನಗರದಲ್ಲಿ ಬೇರೆ ಮನೆ ಮಾಡಿದ ಮೇಲಾದರೂ ನನ್ನ ಮಾತು ಪೂರ್ತಿ ಕೇಳುತ್ತೀರೇನೋ ಎಂದುಕೊಂಡಿದ್ದೆ. ಆ ಆಸೆಯೂ ಸವೆದುಹೋಗಿದೆ. ಕಾಗದವಾದರೆ ಮಧ್ಯದಲ್ಲಿ ಬಾಯಿ ಹಾಕಲು ಆಗುವುದಿಲ್ಲವಲ್ಲ.

ದೇಚುವಿನ ಮದುವೆಗೆ ಇನ್ನೊಂದು ತಿಂಗಳಿದೆ. ಮಂಟಪ, ಅಡುಗೆಯವರು, ಸೀರೆ ಎಂದು ತಿರುಗಿ ತಿರುಗಿ ನನಗೆ ಸಾಕಾಗಿದೆ. ಇದರ ನಡುವೆ ಅವಳದು ಒಂದೇ ಹಟ. ಗಂಗಾಪೂಜೆಯ ಹೊತ್ತಿಗೆ ವಾಲಗದ ಜೊತೆ ಅಪ್ಪನೇ ಕೂತು ತನ್ನ ತಟ್ಟೆ ಗಿಟಾರು ನುಡಿಸಬೇಕಂತೆ. ರೆಸೊನೇಟರ್ ಎನ್ನುವ ಹೆಸರು ನನ್ನ ನಾಲಿಗೆಗೆ ಇವತ್ತಿಗೂ ಹೊರಳುವುದಿಲ್ಲ. ಹೊಟ್ಟೆಯೊಳಗೆ ತಗಡಿನ ತಟ್ಟೆ ಇರುವುದರಿಂದ ನನಗೆ ಅದು ತಟ್ಟೆ ಗಿಟಾರೇ. ಗಂಡಿನ ಕಡೆಯವರು ಕುಣಿದಾಡಿ ಒಪ್ಪಿಕೊಂಡರು. ನೀವೂ ಹ್ಞೂಂ ಎಂದಿರಂತೆ. ಆದರೆ ಹೋದ ವಾರ ನಿಮ್ಮನ್ನು ನೋಡಿ ಬಂದವಳು, ಅಪ್ಪ ಕಾಫಿ ಲೋಟ ಎತ್ತಲು ಎರಡೂ ಕೈ ಹಾಕುತ್ತಾರೆ ಎಂದು ಹೇಳಿ ಅತ್ತಳು. ಎಡಗೈ ಹೆಬ್ಬೆರಳ ಬುಡದಿಂದ ಮೊಣಕೈವರೆಗೆ ನೋವಂತೆ. ಬಲಗೈ ಬೆರಳಿಗೆ ಜೋಮು ಬೇರೆ. ನೀವು ಮಾತ್ರೆ ನುಂಗಿ ಮತ್ತೆ ಸ್ಟೇಜಿಗೆ ಹೋದಿರಂತೆ.

ನಾನು ವಾದ್ಯ ನುಡಿಸಿದವಳಲ್ಲ, ನುಡಿಸುವವನ ಎದುರು ಇಷ್ಟು ವರ್ಷ ಕೂತವಳು. ತಂತಿಯ ಮೇಲೆ ಜಾರಿಸುವ ಆ ಉಕ್ಕಿನ ತುಂಡನ್ನು ನೀವು ಯಾರೋ ಕಿತ್ತುಕೊಳ್ಳಲು ಬಂದಿದ್ದಾರೆ ಎನ್ನುವ ಹಾಗೆ ಹಿಡಿಯುತ್ತೀರಿ. ಅದಕ್ಕೆ ಅದರದೇ ಭಾರವಿದೆ. ತಂತಿಯ ಮೇಲೆ ಸುಮ್ಮನೆ ಕೂತರೆ ಸಾಕು, ಒತ್ತಬೇಕಾಗಿಲ್ಲ. ಹೆಬ್ಬೆರಳು, ನಡುಬೆರಳು ಪಕ್ಕದಲ್ಲಿರಲಿ, ತೋರುಬೆರಳು ಮೇಲಿರಲಿ, ಉಳಿದೆರಡು ಹಿಂದೆ ಸಡಿಲವಾಗಿ ತಂತಿಗೆ ತಾಗಿಕೊಂಡು ಬರಲಿ. ನಮ್ಮ ತೋಟಕ್ಕೆ ಕಾಫಿ ಕುಯ್ಯಲು ಹೊಸದಾಗಿ ಬಂದವರು ಹಣ್ಣನ್ನು ಅಮುಕಿ ಎಳೆಯುತ್ತಾರೆ, ಸಂಜೆಗೆ ಬೆರಳು ಊದಿಕೊಂಡಿರುತ್ತದೆ. ಹಗುರವಾಗಿ ತಿರುಚಿದರೆ ಅದೇ ಹಣ್ಣು ತಾನೇ ಬಿದ್ದುಬಿಡುತ್ತದೆ. ನಾನೂ ಮೊದಲ ವರ್ಷ ಎಳೆದವಳೇ.

ಮಣಿಕಟ್ಟು ಬಾಗದಿರಲಿ. ಕೈಯಿಲ್ಲದ ಕುರ್ಚಿ ಕೇಳಿ, ಗಿಟಾರು ತೊಡೆಯ ಮೇಲೆ ಸಮನಾಗಿ ಕೂರಬೇಕು, ಹೆಗಲು ಕಿವಿಯ ಹತ್ತಿರ ಏರಬಾರದು. ಮೀಟಲು ಬಲಗೈ ಬೆರಳಿಗೆ ಹಾಕುವ ಆ ಲೋಹದ ಉಗುರುಗಳು ಕಳಚಿದ ಮೇಲೆ ಗುರುತು ಉಳಿದರೆ ಬಿಗಿಯಾಯಿತೆಂದು ಅರ್ಥ. ಮೊದಲು ಬಿಸಿನೀರಿನಲ್ಲಿ ಕೈ ಅದ್ದಿ, ನಿಧಾನದ ರಾಗದಿಂದ ಶುರುಮಾಡಿ, ನಡುನಡುವೆ ಕೈ ಕೆಳಗಿಳಿಸಿ. ರೆಸಾರ್ಟಿನಲ್ಲಿ ಜನ ಹರಟುತ್ತಾರೆ, ಅವರಿಗೆ ಕೇಳಿಸಲೆಂದು ನೀವು ಇನ್ನಷ್ಟು ಒತ್ತುತ್ತೀರಿ, ಇನ್ನಷ್ಟು ಜೋರಾಗಿ ಮೀಟುತ್ತೀರಿ. ಆ ಕೆಲಸ ಮೈಕಿಗೆ ಬಿಡಿ. ಮಂಟಪದಲ್ಲಿ ನಿಮಗೊಂದು ಬೇರೆ ಮೈಕಿಗೆ ಹೇಳಿದ್ದೇನೆ.

ಇವಳಿಗೆ ಇದೆಲ್ಲ ಯಾರು ಕಲಿಸಿದರು ಎಂದು ಯೋಚಿಸುತ್ತಿರಬಹುದು. ಮಡಿಕೇರಿಯ ಫಿಸಿಯೋಥೆರಪಿ ಹುಡುಗಿಯನ್ನು ಕೇಳಿದೆ. ನಮ್ಮ ಪಕ್ಕದ ಮನೆಯವರೊಬ್ಬರ ಕೈ ಎಂದು ಹೇಳಿದೆ. ಪಕ್ಕದ ಮನೆಯವರ ಬಗ್ಗೆ ನಿಮಗೆ ತುಂಬಾ ಗೊತ್ತಲ್ಲ ಆಂಟಿ ಎಂದು ನಕ್ಕಳು. ನಾನು ಅಲ್ಲಿಗೆ ಹೋದದ್ದು ಮಾತ್ರ ನಿಮಗಾಗಿ ಅಲ್ಲ, ದೇಚುವಿಗಾಗಿ. ಹೋದ ಮಳೆಗಾಲದಲ್ಲಿ ಅವಳ ಸ್ಕೂಟರು ಜಾರಿ ಕುತ್ತಿಗೆಗೆ ಪೆಟ್ಟಾಯಿತು. ದೀಪಾವಳಿಯವರೆಗೂ ಪಟ್ಟಿ ಕಟ್ಟಿಕೊಂಡಿದ್ದಳು. ಅಪ್ಪನಿಗೆ ಹೇಳಬೇಡ ಎಂದು ನನ್ನಿಂದ ಆಣೆ ಮಾಡಿಸಿಕೊಂಡಳು. ಈಗ ನೋಡಲು ಚೆನ್ನಾಗಿಯೇ ಇದ್ದಾಳೆ. ಆದರೆ ತಲೆಯ ಮೇಲೆ ಭಾರ ಹೊತ್ತು ಬಹಳ ಹೊತ್ತು ನಿಲ್ಲಬಾರದೆಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದಾರೆ.

ಗಂಗಾಪೂಜೆ ಎಂದರೆ ಇನ್ನೇನು? ಮದುಮಗಳು ನೀರು ಸೇದಿ, ತುಂಬಿದ ಕೊಡ ತಲೆಯ ಮೇಲಿಟ್ಟು ಹೊರಡುವುದು. ಗಂಡಿನ ನೆಂಟರು ದಾರಿಗೆ ಅಡ್ಡ ನಿಂತು ಕುಣಿಯುವುದು. ವಾಲಗ ನಡೆದಷ್ಟು ಹೊತ್ತು ಅವರು ಕದಲುವುದಿಲ್ಲ, ಅವರು ಕದಲದೆ ಅವಳಿಗೆ ದಾರಿಯಿಲ್ಲ. ನಮ್ಮ ಮದುವೆಯಲ್ಲಿ ನಾನು ನಿಂತದ್ದು ನೆನಪಿದೆಯೇ? ಕೊಡದ ನೀರು ಕಿವಿಯ ಪಕ್ಕ ಇಳಿಯುತ್ತಿತ್ತು. ನೀವು ಅತ್ತ ನಿಂತುಕೊಂಡು ವಾಲಗದವರಿಗೆ ಇನ್ನೊಂದು, ಇನ್ನೊಂದು ಎಂದು ಕೈಬೀಸುತ್ತಿದ್ದಿರಿ. ನನಗೆ ಆಗ ನಗು ಬಂದಿತ್ತು. ಪ್ರಾಯದ ಕುತ್ತಿಗೆ, ತಡೆಯಿತು.

ಬೀಗರಿಗೆ ವಿಷಯ ಹೇಳಿಬಿಡೋಣ, ಬೇಗ ಮುಗಿಸುತ್ತಾರೆ ಎಂದೆ. ದೇಚು ಕೇಳುವುದಿಲ್ಲ. ಅವಳ ಅತ್ತೆಯಾಗುವವರು ತಮ್ಮ ಮದುವೆಯಲ್ಲಿ ಕತ್ತಲಾಗುವವರೆಗೆ ಕೊಡ ಹೊತ್ತು ನಿಂತಿದ್ದನ್ನು ಈಗಲೂ ಹೇಳಿಕೊಂಡು ತಿರುಗುತ್ತಾರೆ. ಅಂಥ ಮನೆಗೆ ಕುತ್ತಿಗೆ ನೋವಿನ ಸೊಸೆ ಎನ್ನಿಸಿಕೊಂಡು ಕಾಲಿಡುವುದು ಇವಳಿಗೆ ಬೇಡವಂತೆ. ನೋವನ್ನು ಬಚ್ಚಿಟ್ಟುಕೊಂಡು ನಗುವುದು ಯಾರಿಂದ ಬಂತೆಂದು ನಾನು ಬೇರೆ ಹೇಳಬೇಕೇ.

ಹಾಗಾಗಿ ಉಳಿದವರು ನೀವೊಬ್ಬರೇ. ನುಡಿಸುವವನು ನಿಲ್ಲಿಸಿದರೆ ಕುಣಿಯುವವರು ನಿಲ್ಲಿಸುತ್ತಾರೆ. ಡೋಲಿನವರೂ ನಿಮ್ಮ ಮುಖವನ್ನೇ ನೋಡಿಕೊಂಡಿರುತ್ತಾರೆ. ಆದರೆ ನನಗೆ ಹೆದರಿಕೆ ಇರುವುದೂ ಅಲ್ಲೇ. ಜನ ಒಮ್ಮೆ ಚಪ್ಪಾಳೆ ತಟ್ಟಿದರೆ ನಿಮಗೆ ಲೋಕ ಕಾಣಿಸುವುದಿಲ್ಲ. ಕೈ ಹಾಳಾದದ್ದು ಉಕ್ಕಿನ ತುಂಡಿನಿಂದ ಮಾತ್ರವಲ್ಲ, ಇನ್ನೊಂದು, ಇನ್ನೊಂದು ಎನ್ನುವ ಆ ಕೂಗಿನಿಂದ. ಅನ್ನ ಆರಿಹೋಗುವವರೆಗೆ ನಿಮ್ಮ ದಾರಿ ಕಾಯುತ್ತ ಕೂತು ಕೂತು ನಾನು ಸೋತದ್ದೂ ಅದಕ್ಕೇ. ಬೇರೆ ಯಾವ ಸಿಟ್ಟೂ ಈಗ ನನ್ನಲ್ಲಿ ಉಳಿದಿಲ್ಲ, ಸಿಟ್ಟು ಮಾಡುವಷ್ಟು ತ್ರಾಣವೂ ಇಲ್ಲ. ಈ ಒಂದು ತಿಂಗಳು ಕೈಗೆ ವಿರಾಮ ಕೊಡಿ. ಆ ದಿನ ಚೆನ್ನಾಗಿ ನುಡಿಸಿ. ಮತ್ತೆ, ಜೀವನದಲ್ಲಿ ಒಂದು ಸಲ, ಯಾರೂ ಸಾಕು ಎನ್ನುವ ಮೊದಲೇ ನಿಲ್ಲಿಸಿಬಿಡಿ.

ಬರೆದು ಬರೆದು ನನ್ನ ಬೆರಳೂ ಹಿಡಿದುಕೊಂಡಿದೆ. ನಿಲ್ಲಿಸುತ್ತೇನೆ. ನೋಡಿ, ಅಷ್ಟೇನೂ ಕಷ್ಟವಲ್ಲ.

ಈಗಲೂ ನಿಮ್ಮ ಮನೆತನದ ಹೆಸರಿನಲ್ಲೇ ಸಹಿ ಮಾಡುವ,
ಕಾಳಮ್ಮ

ಮರೆತ ಮಾತು: ನಾನು ದೇಚುವಿನ ಹಿಂದೆಯೇ ಇರುತ್ತೇನೆ. ನನ್ನ ತಲೆವಸ್ತ್ರ ಬಿಚ್ಚಿ ಮತ್ತೆ ಕಟ್ಟಿಕೊಂಡೆನೆಂದರೆ ಅವಳ ಕುತ್ತಿಗೆ ಸೋತಿತೆಂದು ತಿಳಿಯಿರಿ. ಆ ಕ್ಷಣವೇ ಉಕ್ಕಿನ ತುಂಡು ಕೆಳಗಿಟ್ಟು ಕೈ ನೋವು ಎನ್ನಿ. ನೋಯದಿದ್ದರೂ ಎನ್ನಿ. ಅವರು ಇನ್ನೊಂದು ಎಂದು ಕೂಗಿಯೇ ಕೂಗುತ್ತಾರೆ, ನೀವು ಕರಗಿಯೇ ಕರಗುತ್ತೀರಿ, ನನಗೆ ಗೊತ್ತು. ಅದಕ್ಕೇ ನಾನೇ ಎಣ್ಣೆ ತಂದು ಎಲ್ಲರೆದುರಿಗೆ ನಿಮ್ಮ ಪಕ್ಕ ಕೂತು ಆ ಕೈಯನ್ನು ನನ್ನ ಮಡಿಲಲ್ಲಿ ಇಟ್ಟುಕೊಂಡು ತಿಕ್ಕುತ್ತೇನೆ. ಹೆಂಡತಿ ಹಿಡಿದುಕೊಂಡ ಕೈಯನ್ನು ಬಿಡಿಸಿ ನುಡಿಸು ಎನ್ನುವವರು ಕೊಡಗಿನಲ್ಲಿ ಯಾರೂ ಇರಲಿಕ್ಕಿಲ್ಲ. ದೇಚು ಒಳಗೆ ಹೋಗಿ ಕೊಡ ಇಳಿಸುವವರೆಗೆ ಬಿಡುವುದಿಲ್ಲ. ಆಮೇಲೂ ನೀವಾಗಿ ಎಳೆದುಕೊಳ್ಳದಿದ್ದರೆ, ನನಗೇನೂ ಅವಸರವಿಲ್ಲ.