ಬಾಣಂತಿ ಬೆನ್ನು ಎಲ್ಲಿಡಬೇಕು ಎಂದು ಕೇಳಿದವರಿಗೆ

ಗದಗ, ಫೆಬ್ರುವರಿ ೩೦, ೨೧೯೧

ಹೆಸರು ತಿಳಿಯದ ಸಿಸ್ಟರ್ ಅವರಿಗೆ ಸರಯೂ ಬಡಿಗೇರ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಯಾರೋ ಚೇಷ್ಟೆಗೆ ಬರೆದಿದ್ದಾರೆ ಎಂದುಕೊಳ್ಳಬೇಡಿ. ನಿಮ್ಮ ಕ್ಯಾಲೆಂಡರಿನ ಫೆಬ್ರುವರಿಯಲ್ಲಿ ಮೂವತ್ತನೆಯ ದಿನ ಇಲ್ಲವೆಂದು ಬಲ್ಲೆ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ವರ್ಷದ ಕೊನೆಗೆ ಉಳಿಯುವ ಐದು ದಿನಗಳು ಯಾವ ತಿಂಗಳಿಗೂ ಸೇರುವುದಿಲ್ಲ. ಅವುಗಳನ್ನು ‘ಬಿಡುದಿನ’ ಎನ್ನುತ್ತೇವೆ, ಆಗ ಯಾರೂ ಯಾರಿಗೂ ಏನನ್ನೂ ಕಲಿಸಬಾರದೆಂಬ ರೂಢಿಯಿದೆ. ಅಂಥ ದಿನಗಳು ಇನ್ನಷ್ಟು ಇದ್ದಿದ್ದರೆ ಒಳ್ಳೆಯದಿತ್ತು ಎಂದು ಈಚೆಗೆ ನನಗೆ ಅನ್ನಿಸುತ್ತಿದೆ. ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರವಾಗಿ ಕಾಣಬಹುದು, ಕ್ಷಮಿಸಿ. ನಿಮ್ಮ ಕಾಲದ ಬರವಣಿಗೆಯನ್ನು ಹಳೆಯ ಕಡತಗಳಿಂದ ಕಲಿತವಳು ನಾನು. ಹೊಸ ಪದ ಬಂದಲ್ಲಿ ಬಿಡಿಸಿ ಹೇಳುತ್ತೇನೆ. ಈ ಪತ್ರ ನಿಮ್ಮನ್ನು ಹೇಗೆ ಮುಟ್ಟುತ್ತದೆ ಎಂದು ಮಾತ್ರ ಕೇಳಬೇಡಿ. ನಿಮ್ಮ ಕಾಗದ ನನ್ನ ಕೈ ಸೇರುವುದಕ್ಕೆ ನೂರ ಅರವತ್ತು ವರ್ಷ ಹಿಡಿಯಿತು, ಆದರೂ ಸೇರಿತು.

ನಾನು ಇಳಿಸುಗಾರ್ತಿ. ಸಂಶೋಧಕರು ಪರೀಕ್ಷಿಸಿ ಸಾಬೀತು ಮಾಡಿದ್ದನ್ನು ಕಾಗದದಿಂದ ಕೆಳಗಿಳಿಸಿ, ಆಸ್ಪತ್ರೆಯ ಸಿಸ್ಟರುಗಳ, ಶಾಲೆಯ ಮಾಸ್ತರರ ಕೈಗೆ ಹತ್ತುವಂತೆ ಮಾಡುವುದು ನಮ್ಮ ಕಸುಬು. ನಿಮ್ಮ ಕಾಲದಲ್ಲಿ ಇದಕ್ಕೆ ಮೂರು ದಿನದ ತರಬೇತಿ, ಒಂದು ಬ್ಯಾಗು, ಒಂದು ಪೆನ್ನು, ಮಧ್ಯಾಹ್ನದ ಊಟ ಇರುತ್ತಿತ್ತೆಂದು ಕಡತಗಳು ಹೇಳುತ್ತವೆ. ಅದನ್ನು ಓದಿ ನಾವು ನಕ್ಕಿದ್ದುಂಟು. ನಮ್ಮಲ್ಲಿ ಏಳು ತಿಂಗಳ ಕಲಿಕೆ, ಮೂರು ಪರೀಕ್ಷೆ, ಕೊನೆಗೆ ಹೆಗಲಿಗೆ ನೀಲಿ ಪಟ್ಟಿ. ದೊಡ್ಡ ಸಂಶೋಧನೆಯನ್ನು ನಾವು ಒಂದೇ ಪುಟದ ‘ಸಾರಪತ್ರ’ಕ್ಕೆ ಇಳಿಸುತ್ತೇವೆ. ಅದನ್ನು ಕಲಿಸುವಾಗ ಕಲಿಯುವವರು ಕೇಳುವ ಪ್ರತಿಯೊಂದು ಪ್ರಶ್ನೆಯನ್ನೂ ‘ತಡೆಪಟ್ಟಿ’ ಎಂಬ ಹಾಳೆಯಲ್ಲಿ ಬರೆದುಕೊಳ್ಳುತ್ತೇವೆ. ಹೊಸ ಪದ್ಧತಿ ಜಾರಿಗೆ ಬರದಂತೆ ತಡೆಯುವುದು ಯಾವುದು ಎಂದು ತಿಳಿಯಲು ಆ ಹಾಳೆ. ಅದರಲ್ಲಿ ಮೂರು ಅಂಕಣಗಳಿವೆ. ತಿಳಿಯದ್ದರಿಂದ ಬಂದ ಪ್ರಶ್ನೆ ಮೊದಲನೆಯದಕ್ಕೆ. ಕೇಳಿದವರಿಗೆ ಪಾಠ ಮತ್ತೊಮ್ಮೆ. ಬದಲಾವಣೆ ಒಲ್ಲದ ಮನಸ್ಸಿನಿಂದ ಬಂದದ್ದು ಎರಡನೆಯದಕ್ಕೆ. ಅವರನ್ನು ನಾಲ್ಕು ದಿನ ಬೇರೆ ಕೂರಿಸಿ ಮನಸ್ಸು ತಿದ್ದುತ್ತಾರೆ. ಎರಡಕ್ಕೂ ಸೇರದಿದ್ದರೆ ‘ಇತರೆ’. ಇತರೆ ಅಂಕಣ ನೇರವಾಗಿ ಹಳೆಯ ಕಡತಗಳ ದಫ್ತರಕ್ಕೆ ಹೋಗುತ್ತದೆ, ಅದನ್ನು ಓದುವವರು ಯಾರೂ ಇಲ್ಲ.

ನಮ್ಮ ಊರಿನ ಸ್ಥಿತಿಯನ್ನೂ ಸ್ವಲ್ಪ ಹೇಳಬೇಕು. ಬಿಸಿಲು ನಿಮಗೆ ಗೊತ್ತಿದ್ದ ಬಿಸಿಲಲ್ಲ. ಬೆಳಿಗ್ಗೆ ಹತ್ತಕ್ಕೆ ಬೀದಿ ಖಾಲಿಯಾಗುತ್ತದೆ, ಸಂಜೆ ಐದರವರೆಗೆ ಜನ ‘ನೆಲಮನೆ’ಯಲ್ಲಿರುತ್ತಾರೆ. ಪ್ರತಿ ಓಣಿಯ ಅಡಿಯಲ್ಲೂ ಕಲ್ಲು ಕೊರೆದು ಮಾಡಿದ ಕೋಣೆಗಳವು. ಅಲ್ಲೇ ಶಾಲೆ, ಅಲ್ಲೇ ಹೊಲಿಗೆ, ಅಲ್ಲೇ ಹರಟೆ. ಆಸ್ಪತ್ರೆಯಂತೂ ಪೂರ್ತಿ ನೆಲದಡಿಗೆ ಇಳಿದು ಎಪ್ಪತ್ತು ವರ್ಷವಾಯಿತು. ದೊಡ್ಡವರಿಗೆ ಆ ತಂಪು ಹಿತ. ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸಿಗೆ ಅದೇ ಅಪಾಯ. ಕೂಸುಗಳನ್ನು ಬೆಚ್ಚಗಿಡುವ ನಿಮ್ಮ ಯಂತ್ರಗಳಿಗೆ ಕೊಡುವಷ್ಟು ವಿದ್ಯುತ್ತು ನಮ್ಮಲ್ಲಿಲ್ಲ. ಹಾಗಾಗಿ ಕೂಸನ್ನು ತಾಯಿಯ ಬರಿಯ ಎದೆಗೆ ಅವಚಿಕೊಂಡಿರುವ ಹಳೆಯ ವಿಧಾನವೇ ನಮಗೆ ಗತಿ. ನೀವು ಅದಕ್ಕೆ ಕಾಂಗರೂ ಎಂಬ ದೂರದೇಶದ ಪ್ರಾಣಿಯ ಹೆಸರಿಟ್ಟಿದ್ದಿರಿ; ಆ ಪ್ರಾಣಿಯನ್ನು ನಾವು ಕಂಡಿಲ್ಲ, ‘ಎದೆಯಾಸರೆ’ ಎನ್ನುತ್ತೇವೆ. ನಮ್ಮ ನಿಯಮದಂತೆ ದಿನಕ್ಕೆ ಹದಿನಾರು ಗಂಟೆ.

ಎದೆಯಾಸರೆಯ ಸಾರಪತ್ರ ಬರೆದವಳು ನಾನೇ. ಕಳೆದ ವರ್ಷ ನಮ್ಮ ಆಸ್ಪತ್ರೆಯ ಇಪ್ಪತ್ತೆರಡು ಸಿಸ್ಟರುಗಳಿಗೆ ಅದನ್ನು ಕಲಿಸಿದವಳೂ ನಾನೇ. ಬಟ್ಟೆಯ ಗೊಂಬೆ ಇಟ್ಟುಕೊಂಡು ಕಲಿಸಿದೆ, ಹಾಡು ಕಟ್ಟಿ ಹಾಡಿಸಿದೆ. ನಾಲ್ಕನೆಯ ದಿನ ಹಿರಿಯ ಸಿಸ್ಟರ್ ಹುಸೇನಬಿ ಕೈ ಎತ್ತಿದರು. ಮೂವತ್ತು ವರ್ಷ ಬಾಣಂತಿಯರ ಕೋಣೆಯಲ್ಲಿ ಕೆಲಸ ಮಾಡಿದವರು, ಮಾತು ಕಡಿಮೆ. “ಅಕ್ಕಾರ, ನೀವು ಹೇಳಿದ್ದೆಲ್ಲಾ ತಿಳೀತ್ರಿ. ಆದ್ರ ಬಾಣಂತಿ ಬೆನ್ನು ಎಲ್ಲಿ ಇಡಬೇಕ್ರಿ? ಅಲ್ಲಿ ಒರಗಾಕ ಏನೈತಿ?” ಎಂದು ಕೇಳಿದರು.

ಆ ಕೋಣೆಯಲ್ಲಿ ಮಂಚಗಳಿಲ್ಲ. ಗೋಡೆಗೆ ಸೇರಿಸಿ ಕಡಿದ ಕಲ್ಲಿನ ಕಟ್ಟೆಗಳಿವೆ, ಹಿಂದೆ ತಣ್ಣನೆಯ ಕಲ್ಲಿನ ಗೋಡೆ. ಎದೆಯ ಮೇಲೆ ಕೂಸಿಟ್ಟುಕೊಂಡು ಅಂಗಾತ ಮಲಗಕೂಡದು, ನೆಟ್ಟಗೆ ಕೂತರೆ ಹೊಲಿಗೆ ಬಿದ್ದ ಮೈ ಅರ್ಧ ಗಂಟೆಯೂ ತಡೆಯದು. ತಾಯಿಯ ಬದಲು ಅಜ್ಜಿಯೋ ಅಪ್ಪನೋ ಕೂತರೂ ಗೋಡೆ ಅದೇ. ಇಷ್ಟನ್ನು ನಾನು ಈಗ ಬರೆಯುತ್ತಿದ್ದೇನೆ. ಅಂದು ನಾನು ಆ ಕೋಣೆಗೆ ಕಾಲಿಟ್ಟೇ ಇರಲಿಲ್ಲ, ಮೇಲಿನ ತರಗತಿಯಲ್ಲೇ ಎಲ್ಲ ಮುಗಿಸಿದ್ದೆ. ನನಗೆ ಅವರ ಪ್ರಶ್ನೆಯಲ್ಲಿ ಕಂಡದ್ದು ಹಳಬರ ಹಟ ಮಾತ್ರ. ಸಂಜೆ ತಡೆಪಟ್ಟಿ ತೆಗೆದು ಎರಡನೆಯ ಅಂಕಣದಲ್ಲಿ ಬರೆದೆ: ಮನಸ್ಸಿನ ತಡೆ. ನನಗಿಂತ ಹನ್ನೆರಡು ವರ್ಷ ದೊಡ್ಡವರಾದ ಆ ಹೆಂಗಸನ್ನು ನಾಲ್ಕು ದಿನ ಮನಸ್ಸು ತಿದ್ದುವ ಕೋಣೆಯಲ್ಲಿ ಕೂರಿಸಿದರು. ಹೊರಗೆ ಬಂದ ಮೇಲೆ ಅವರು ಮತ್ತೆ ಯಾವ ಪ್ರಶ್ನೆಯನ್ನೂ ಕೇಳಲಿಲ್ಲ. ತಿದ್ದಿದ್ದು ಫಲ ಕೊಟ್ಟಿತು ಎಂದು ನಾನು ವರದಿ ಬರೆದೆ.

ಸಿಸ್ಟರುಗಳು ಎದೆಯಾಸರೆಯ ಲೆಕ್ಕ ಬರೆಯುವ ಗೋಡೆಯ ಹಲಗೆಯಲ್ಲಿ ದಿನವೂ ಹದಿನಾರು ಗಂಟೆ ಎಂದು ತುಂಬತೊಡಗಿದರು. ಹಾಗೆ ತುಂಬದವರನ್ನು ನಾಲ್ಕು ದಿನ ಕೂರಿಸುತ್ತಾರಲ್ಲ. ಹಲಗೆ ನೋಡಿ ನಮ್ಮ ಸಂಸ್ಥೆ ನನಗೆ ಶಾಲು ಹೊದಿಸಿತು. ನಿಜದಲ್ಲಿ ಬಾಣಂತಿಯರು ಒಂದು ಗಂಟೆ, ಹೆಚ್ಚೆಂದರೆ ಎರಡು ಗಂಟೆ ಕೂರುತ್ತಿದ್ದರು, ಆಮೇಲೆ ಕೂಸನ್ನು ಬಟ್ಟೆ ಸುತ್ತಿ ಪಕ್ಕಕ್ಕಿಡುತ್ತಿದ್ದರು.

ಕಾರ್ತಿಕದಲ್ಲಿ ನೀಲಗಂಗವ್ವ ಎಂಬ ಇಪ್ಪತ್ತೆರಡರ ಹುಡುಗಿಗೆ ತಿಂಗಳು ತುಂಬುವ ಮೊದಲೇ ಹೆಣ್ಣುಕೂಸು ಹುಟ್ಟಿತು. ಹನ್ನೊಂದನೆಯ ದಿನ ಕೂಸು ಮೈ ತಣ್ಣಗಾಗಿ ತೀರಿಕೊಂಡಿತು. ವಿಚಾರಣೆ ನಡೆಯಿತು. ಹಲಗೆಯ ಪ್ರಕಾರ ಎಲ್ಲ ಸರಿಯಿತ್ತು, ತರಬೇತಿಯಂತೂ ಪ್ರಶಸ್ತಿ ಪಡೆದದ್ದು. ಉಳಿದವಳು ತಾಯಿ ಒಬ್ಬಳೇ. ಅವಳು ತಲೆ ಎತ್ತದೆ, “ಬೆನ್ನು ತಡೀಲಿಲ್ರಿ. ನಂದ ತಪ್ಪು,” ಎಂದಳು. ‘ತಾಯಿಯ ಅಸಹಕಾರ’ ಎಂದು ತೀರ್ಮಾನ ಬರೆದರು, ಪರಿಣತರ ಜಾಗದಲ್ಲಿ ನಾನು ಸಹಿ ಹಾಕಿದೆ. ಆ ತೀರ್ಮಾನ ಅವಳ ಹೆಸರಿನ ಮುಂದೆ ಜೀವನಪೂರ್ತಿ ಉಳಿಯುತ್ತದೆ. ಮುಂದೆ ಯಾವ ಹೆರಿಗೆಗೆ ಹೋದರೂ ಅಲ್ಲಿಯವರು ಮೊದಲು ಓದುವುದು ಅದನ್ನೇ. ಇದು ಗೊತ್ತಿದ್ದೇ ಸಹಿ ಹಾಕಿದೆ. ಬೆನ್ನು ಎಂಬ ಮಾತು ಕಿವಿಗೆ ಬಿದ್ದಾಗ ಹುಸೇನಬಿಯವರ ನೆನಪು ಬಂತು. ಬಂದರೂ ಕೈ ನಿಲ್ಲಲಿಲ್ಲ.

ಆಮೇಲೆ ಒಂದು ತಿಂಗಳು ನನಗೆ ಊಟ ರುಚಿಸಲಿಲ್ಲ. ನನ್ನದು ತಪ್ಪಲ್ಲವೆಂದು ನನಗೆ ನಾನೇ ತೋರಿಸಿಕೊಳ್ಳಬೇಕಿತ್ತು, ಅದಕ್ಕೇ ದಫ್ತರಕ್ಕೆ ಹೋದೆ. ಹಿಂದಿನ ಕಾಲದಲ್ಲೂ ತಾಯಂದಿರು ಹೀಗೇ ಒಲ್ಲೆನ್ನುತ್ತಿದ್ದರು ಎಂಬುದಕ್ಕೆ ಪುರಾವೆ ಹುಡುಕುತ್ತಿದ್ದೆ. ಆಗ ಸಿಕ್ಕಿತು ನಿಮ್ಮ ಕಾಗದ. ಮೂರು ದಿನದ ತರಬೇತಿ ಮುಗಿದ ಮೇಲೆ ಅನಿಸಿಕೆ ಬರೆಯಲು ಕೊಟ್ಟ ಹಾಳೆ. ಹೆಸರಿನ ಜಾಗ ಖಾಲಿ. ‘ಇತರೆ’ ಎಂಬಲ್ಲಿ ನೀವು ದುಂಡಗೆ ಬರೆದಿದ್ದಿರಿ: “ಪಾಠ ಚೊಲೊ ಇತ್ತು. ಊಟಾನೂ ಚೊಲೊ ಇತ್ತು. ಆದ್ರ ಕಾಂಗರೂ ಮಾಡಾಕ ಬಾಣಂತಿ ಬೆನ್ನು ಎಲ್ಲಿಡಬೇಕು? ನಮ್ಮ ವಾರ್ಡಿನ್ಯಾಗ ಒರಗೂ ಕುರ್ಚಿ ಒಂದೂ ಇಲ್ಲ.” ಅದರ ಪಕ್ಕದಲ್ಲಿ ತರಬೇತಿ ಕೊಟ್ಟವರು ಯಾರೋ ಕೆಂಪು ಶಾಯಿಯಲ್ಲಿ ಎರಡೇ ಪದ ಗೀಚಿದ್ದರು: ವಿಷಯಕ್ಕೆ ಸಂಬಂಧವಿಲ್ಲ.

ಆ ಕೆಂಪು ಶಾಯಿಯವರನ್ನು ಬೈಯುವ ಯೋಗ್ಯತೆ ನನಗಿಲ್ಲ. ಮೂಲ ಸಂಶೋಧನೆಯನ್ನು ತರಿಸಿ ಮತ್ತೆ ಓದಿದೆ. ನಲವತ್ತು ಪುಟಗಳ ನಡುವೆ ಒಂದು ಸಾಲು ಇತ್ತು: ತಾಯಂದಿರಿಗೆ ಒರಗುವ ಕುರ್ಚಿಗಳನ್ನು ಒದಗಿಸಲಾಗಿತ್ತು. ನನ್ನ ಹಳೆಯ ಪ್ರತಿಯಲ್ಲಿ ಆ ಸಾಲಿನ ಮೇಲೆ ಗೆರೆ ಎಳೆದಿತ್ತು. ಎಳೆದದ್ದು ನಾನೇ. ಸಾರಪತ್ರ ಒಂದೇ ಪುಟದಲ್ಲಿ ಮುಗಿಯಬೇಕಿತ್ತು, ಕುರ್ಚಿಯಲ್ಲಿ ಸಾರವೇನಿದೆ ಎಂದು ಹೊಡೆದುಹಾಕಿದ್ದೆ. ನಮ್ಮ ಮನೆತನದ ಹೆಸರು ಬಡಿಗೇರ ಎಂಬುದನ್ನು ಗಮನಿಸಿರಬಹುದು. ನನ್ನ ಮುತ್ತಜ್ಜನವರೆಗೂ ನಮ್ಮವರು ಕುರ್ಚಿ ಮಾಡಿಯೇ ಬದುಕಿದವರು. ನಗುವುದಿದ್ದರೆ ನಕ್ಕುಬಿಡಿ.

ಮರುದಿನವೇ ನನ್ನ ಸಹಿ ಹಿಂದಕ್ಕೆ ಪಡೆಯಲು ಅರ್ಜಿ ಕೊಟ್ಟೆ, ಗೆರೆ ಎಳೆದ ಪ್ರತಿಯನ್ನೂ ನಿಮ್ಮ ಹಾಳೆಯನ್ನೂ ಲಗತ್ತಿಸಿದೆ. ಆಮೇಲೆ ನೀಲಗಂಗವ್ವನ ಮನೆಗೆ ಹೋದೆ. ಬಿಸಿಲೇರುವ ಮುಂಚೆ ರೊಟ್ಟಿ ಬಡಿಯುತ್ತಿದ್ದಳು. ಎದುರಿಗೆ ಕೂತು ಎಲ್ಲವನ್ನೂ ಹೇಳಿದೆ: ಹುಸೇನಬಿಯವರ ಪ್ರಶ್ನೆ, ಎರಡನೆಯ ಅಂಕಣ, ಹೊಡೆದುಹಾಕಿದ ಸಾಲು, ಸಹಿ. ತಪ್ಪು ನಿನ್ನದಲ್ಲ ತಾಯಿ, ನನ್ನದು ಎಂದೆ. ಅವಳು ಬೈಯಬಹುದು, ಅಳಬಹುದು ಎಂದು ಮನಸ್ಸು ಗಟ್ಟಿ ಮಾಡಿಕೊಂಡು ಹೋಗಿದ್ದೆ. ಅವಳು ಹಂಚಿನ ಮೇಲಿನ ರೊಟ್ಟಿ ತಿರುವಿ, ನನ್ನ ಮುಖ ನೋಡಿ, “ಈಗ ಕುರ್ಚಿ ಅದಾವೇನ್ರಿ ಅಲ್ಲಿ?” ಎಂದು ಕೇಳಿದಳು.

ಇರಲಿಲ್ಲ. ಅರ್ಜಿ ಬರೆದಿದ್ದೆ, ಕ್ಷಮೆಯ ಮಾತುಗಳನ್ನು ದಾರಿಯುದ್ದಕ್ಕೂ ಹೊಂದಿಸಿಕೊಂಡಿದ್ದೆ. ಒಂದು ಕುರ್ಚಿ ಮಾಡಿಸುವ ಯೋಚನೆ ನನಗೆ ಬಂದಿರಲಿಲ್ಲ. ಇಲ್ಲವ್ವ ಎಂದೆ. ಅವಳು ಮುಂದಿನ ರೊಟ್ಟಿಗೆ ಹಿಟ್ಟು ತೆಗೆದುಕೊಂಡಳು.

ತೀರ್ಮಾನ ರದ್ದಾಗುತ್ತದೋ ಇಲ್ಲವೋ ಇನ್ನೂ ತಿಳಿದಿಲ್ಲ. ನನ್ನ ನೀಲಿ ಪಟ್ಟಿಯನ್ನು ತೆಗೆದುಕೊಂಡಿದ್ದಾರೆ, ನ್ಯಾಯವೇ. ಹಳೆಯ ತೊಲೆಗಳನ್ನು ಕೊಯ್ಯಿಸಿ ಒಬ್ಬ ಬಡಗಿಯ ಜೊತೆ ಕೂತು ಮೊದಲ ಕುರ್ಚಿ ಮುಗಿಸಿ, ಇವತ್ತು ಬೆಳಿಗ್ಗೆ ಬಾಣಂತಿಯರ ಕೋಣೆಗೆ ಒಯ್ದೆ. ಹುಸೇನಬಿಯವರನ್ನೇ ಮೊದಲು ಕೂರಿಸಿದೆ. ಅವರಲ್ಲಿ ಕ್ಷಮೆ ಕೇಳಿದೆ. ಒಂದು ದಿಂಬನ್ನು ಕೂಸಿನಂತೆ ಎದೆಗವಚಿಕೊಂಡು ಬೆನ್ನು ಆನಿಸಿ, ಬಹಳ ಹೊತ್ತು ಕಣ್ಣು ಮುಚ್ಚಿ ಕೂತರು. ಕೊನೆಗೆ, “ಇನ್ನೊಂದೀಟು ಹಿಂದಕ್ಕ ಬಾಗಬೇಕ್ರಿ ಅಕ್ಕಾರ,” ಎಂದರು. ಒಂದು ವರ್ಷದಲ್ಲಿ ಅವರು ನನ್ನೊಡನೆ ಆಡಿದ ಮೊದಲ ಮಾತು. ನಾನು ಅದನ್ನು ಬರೆದುಕೊಂಡೆ. ಹಾಳೆಯಲ್ಲಿ ಯಾವ ಅಂಕಣವೂ ಇರಲಿಲ್ಲ.

ಸಿಸ್ಟರ್, ನಿಮ್ಮಲ್ಲಿ ಒಂದು ಬೇಡಿಕೆ. ಮುಂದಿನ ತರಬೇತಿಯಲ್ಲೂ ಅದೇ ಪ್ರಶ್ನೆ ಕೇಳಿ. ಯಾರೂ ಕಿವಿಗೆ ಹಾಕಿಕೊಳ್ಳದಿದ್ದರೂ ಹಾಳೆಯಲ್ಲಿ ಬರೆಯಿರಿ, ಈ ಸಲ ಹೆಸರನ್ನೂ ಬರೆಯಿರಿ. ಇಲ್ಲಿ ಇನ್ನೂ ಹನ್ನೊಂದು ಕುರ್ಚಿ ಆಗಬೇಕಿದೆ. ಒಂದರ ಬೆನ್ನ ಹಲಗೆಯ ಮೇಲೆ ಕೆತ್ತಲು ನೀಲಗಂಗವ್ವ ತನ್ನ ಕೂಸಿಗೆ ಇಡಬೇಕೆಂದಿದ್ದ ಹೆಸರು ಕೊಟ್ಟಿದ್ದಾಳೆ. ಪಕ್ಕದ ಕುರ್ಚಿಯ ಹಲಗೆಯನ್ನು ನಿಮಗಾಗಿ ಖಾಲಿ ಬಿಟ್ಟಿದ್ದೇನೆ.

ನಿಮ್ಮ ಪ್ರಶ್ನೆಗೆ ಉತ್ತರ ಕೊಡಲು ತಡ ಮಾಡಿದ,
ಸರಯೂ ಬಡಿಗೇರ